ಸಕ್ಕರೆ ಇಳಿದ ವಾರ

ನನಗೆ ಸಿಟ್ಟು ಬೇಗ ಬರುತ್ತದೆ. ಬಸುರಿಯಾಗಿದ್ದಾಗ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿದೆ ಎಂದು ಗೊತ್ತಾದ ದಿನವೂ ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಬರಿಹೊಟ್ಟೆಗೆ ಒಂದು ಲೋಟ ಗ್ಲೂಕೋಸ್ ನೀರು ಕುಡಿಸಿ, ಬೆಂಚಿನ ಮೇಲೆ ಕೂರಿಸಿ, ಗಂಟೆಗೊಮ್ಮೆ ಕೈ ಚುಚ್ಚಿ ರಕ್ತ ತೆಗೆದರು. ಮಧ್ಯಾಹ್ನದ ಹೊತ್ತಿಗೆ ನರ್ಸ್ ಬಂದು "ಶುಗರ್ ಇದೆ, ಡಾಕ್ಟರನ್ನ ನೋಡ್ಕೊಂಡು ಹೋಗಿ" ಎಂದು, ಬಸ್ಸು ಲೇಟು ಎನ್ನುವ ಧಾಟಿಯಲ್ಲಿ ಹೇಳಿ ಹೋದಳು. ನಮ್ಮಪ್ಪನಿಗೆ ಸಕ್ಕರೆ ಇತ್ತು, ನಿಜ. ಆದರೆ ಅವರಿಗೆ ಬಂದದ್ದು ತಲೆ ನರೆತ ಮೇಲೆ. ನಾನು ಮೂವತ್ತು ದಾಟಿ ಹೆಚ್ಚು ಕಾಲವಾಗಿರಲಿಲ್ಲ. ದಿನಾ ಬಸ್ಸು ಹಿಡಿದು ಸ್ಕೂಲಿಗೆ ಓಡುವವಳು, ಕಾಫಿಗೂ ಸಕ್ಕರೆ ಬಿಟ್ಟು ಬೆಲ್ಲ ಹಾಕಿಕೊಳ್ಳುವವಳು. ಇದನ್ನೇ ಡಾಕ್ಟರಮ್ಮನ ಮುಂದೆ ವಾದಕ್ಕಿಟ್ಟೆ.

"ಬೆಲ್ಲ ಏನು ನಿನಗೆ ನೆಂಟನಾ? ಎರಡೂ ಒಂದೇ ಕಣಮ್ಮ," ಎಂದರು ಅವರು.

ಆ ಡಾಕ್ಟರಮ್ಮನಿಗೆ ಐವತ್ತರ ಮೇಲೆ ವಯಸ್ಸು, ಮಾತು ನೇರ, ಸಿಟ್ಟು ನನ್ನಷ್ಟೇ. ಅದಕ್ಕೇ ಇಬ್ಬರಿಗೂ ಹೊಂದಿಕೆಯಾಯಿತು ಎಂದುಕೊಂಡಿದ್ದೇನೆ. ನನಗೆ ಅದಕ್ಕೂ ಮುಂಚೆ ಎರಡು ಸಲ ಬಸಿರು ನಿಂತು, ಎರಡು ಸಲವೂ ಮೂರನೇ ತಿಂಗಳು ತುಂಬುವುದರೊಳಗೆ ಹೋಗಿತ್ತು. ಈ ಸಲ ಆರನೇ ತಿಂಗಳವರೆಗೆ ಬಂದಿದ್ದೆ. ಮಗು ಒದೆಯಲು ಶುರುಮಾಡಿತ್ತು. ಪಾಠ ಮಾಡುತ್ತಾ ಬೋರ್ಡಿನ ಮೇಲೆ ಬರೆಯುತ್ತಿರುವಾಗ ಒಳಗಿನಿಂದ ಒಂದು ಒದೆ ಬಿದ್ದರೆ ನಾನು ಬರೆಯುತ್ತಿದ್ದ ಪದವೇ ಮರೆತುಹೋಗುತ್ತಿತ್ತು. ಇಷ್ಟು ದೂರ ಬಂದ ಮೇಲೆ ಈ ಮಗುವನ್ನೂ ಕಳೆದುಕೊಳ್ಳುವುದು ನನ್ನಿಂದ ಆಗುವ ಮಾತಾಗಿರಲಿಲ್ಲ. ಡಾಕ್ಟರಮ್ಮನಿಗೆ ಅದು ಗೊತ್ತಿತ್ತು, ಹಾಗಾಗಿ ನನ್ನನ್ನು ಕೂರಿಸಿಕೊಂಡು ವಿವರವಾಗಿ ಹೇಳಿದರು.

ಅವರು ಹೇಳಿದ್ದು ಮಾಸಿನ ವಿಷಯ. ಹೆರಿಗೆಯಾದ ಮೇಲೆ ಮಗುವಿನ ಹಿಂದೆಯೇ ಹೊರಗೆ ಬರುತ್ತದಲ್ಲ, ಅದು. ಪುಸ್ತಕದಲ್ಲಿ ಅದಕ್ಕೆ ಜರಾಯು ಎನ್ನುತ್ತಾರೆ. ಕನ್ನಡ ಟೀಚರಾದ ನಾನೇ ಆ ಪದವನ್ನು ಬಾಯಿಬಿಟ್ಟು ಬಳಸಿದವಳಲ್ಲ. ತಾಯಿಯ ರಕ್ತ ನೇರವಾಗಿ ಮಗುವಿನ ಮೈಗೆ ಹೋಗುವುದಿಲ್ಲವಂತೆ. ನಡುವೆ ಮಾಸು ಕೂತು, ಈ ಕಡೆಯಿಂದ ಆಹಾರ, ಆಮ್ಲಜನಕ ತೆಗೆದುಕೊಂಡು ಆ ಕಡೆಗೆ ದಾಟಿಸುತ್ತದೆ. ಮಗುವಿಗೆ ಬೇಕಾದಷ್ಟು ಸಕ್ಕರೆ ಸಿಗಲಿ ಎಂದು ಅದು ತನ್ನದೇ ಹಾರ್ಮೋನುಗಳನ್ನು ಬಿಟ್ಟು ತಾಯಿಯ ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತದೆ. ಬಸುರಿಯರೆಲ್ಲರಲ್ಲೂ ಹೀಗೇ ಆಗುತ್ತದೆ. ಹೆಚ್ಚಿನವರ ಮೈ ಇನ್ನಷ್ಟು ಇನ್ಸುಲಿನ್ ತಯಾರಿಸಿ ಸರಿದೂಗಿಸಿಕೊಳ್ಳುತ್ತದೆ, ಕೆಲವರ ಮೈಗೆ ಆಗುವುದಿಲ್ಲ. ನನ್ನದು ಆ ಕೆಲವರ ಮೈ.

"ಹಾಗಾದ್ರೆ ಇದೆಲ್ಲಾ ಅದರದ್ದೇ ಕಿತಾಪತಿ," ಎಂದೆ.

"ಕಿತಾಪತಿ ಅಂತ ಯಾಕಂತೀಯ? ಅದು ಮಗು ಕಡೆ ವಕೀಲ. ಆದ್ರೆ ಸಕ್ಕರೆ ಹತೋಟಿಗೆ ಬರ್ಲಿಲ್ಲ ಅಂದ್ರೆ ಪೆಟ್ಟು ಬೀಳೋದೂ ಅದಕ್ಕೇ. ಊದ್ಕೊಳ್ಳುತ್ತೆ, ದಪ್ಪ ಆಗುತ್ತೆ. ಒಳಗಿನ ಸಣ್ಣ ಸಣ್ಣ ರಕ್ತನಾಳ ಸರಿಯಾಗಿ ಬೆಳೆಯಲ್ಲ, ಅವುಗಳ ಗೋಡೆ ದಪ್ಪ ಆಗಿ ಆಮ್ಲಜನಕ ದಾಟೋದು ಕಷ್ಟ ಆಗುತ್ತೆ. ನೋಡೋಕೆ ದೊಡ್ಡ ಮಾಸು, ಕೆಲಸ ಮಾತ್ರ ಅರ್ಧ."

ನಾನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಆ ಅಂಗವನ್ನು ಮನಸಾರೆ ಬೈದುಕೊಂಡೆ. ಮಗುವಿನ ಮೇಲೆ ಪ್ರೀತಿ, ಅದರ ಪಕ್ಕದಲ್ಲೇ ಕೂತಿರುವ ಮಾಸಿನ ಮೇಲೆ ಸಿಟ್ಟು. ಒಂದೇ ಹೊಟ್ಟೆಯೊಳಗೆ ಎರಡನ್ನೂ ಸಾಕುವುದು ಸುಲಭವಲ್ಲ.

ನನ್ನ ತವರು ಗೌರಿಬಿದನೂರಿನ ಕಡೆ, ವಿದುರಾಶ್ವತ್ಥಕ್ಕೆ ಹೋಗುವ ದಾರಿಯಲ್ಲಿ. ಕೊಟ್ಟಿರುವುದು ಮೇಲೂರಿಗೆ. ಗಂಡ, ಅತ್ತೆ ಇಬ್ಬರೂ ರೇಷ್ಮೆ ಹುಳು ಸಾಕುವವರು. ನಾನು ಶಿಡ್ಲಘಟ್ಟದ ಹೈಸ್ಕೂಲಿಗೆ ಹೋಗಿಬರುವವಳು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕಿತ್ತು, ಆದರೆ ಅಮ್ಮನಿಗೆ ಮೊಣಕಾಲಿನ ಆಪರೇಷನ್ ಆಗಿ ಅವರನ್ನೇ ನೋಡಿಕೊಳ್ಳುವವರು ಬೇಕಾಗಿತ್ತು. ಹೀಗಾಗಿ ನನ್ನ ಬಸಿರು, ಬಾಣಂತನ ಎಲ್ಲವೂ ಅತ್ತೆಯ ಕೈಗೆ ಬಂತು. ಅತ್ತೆ ಒಳ್ಳೆಯವರು. ಅವರಿಗೆ ತಿಳಿಯದ ವಿಷಯ ಒಂದೂ ಇಲ್ಲ ಎಂಬುದು ಅವರ ಒಂದೇ ತೊಂದರೆ.

ಮೊದಲ ಜಗಳ ಮುದ್ದೆಯಿಂದ ಶುರುವಾಯಿತು. ಸಕ್ಕರೆಯವರಿಗೆ ರಾಗಿ ಒಳ್ಳೆಯದು ಎಂಬ ಮಾತು ನಮ್ಮ ಜಿಲ್ಲೆಯಲ್ಲಿ ಕೂಸಿಗೂ ಗೊತ್ತು. ಅತ್ತೆ ಅನ್ನ ನಿಲ್ಲಿಸಿ ಎರಡು ಹೊತ್ತೂ ಮುದ್ದೆ ಬಡಿಸತೊಡಗಿದರು. ಅವರು ಕಟ್ಟುವ ಮುದ್ದೆ ತೆಂಗಿನಕಾಯಿಯಷ್ಟಿರುತ್ತದೆ. ನಾನೂ ಔಷಧಿ ತಿನ್ನುವ ಭಕ್ತಿಯಲ್ಲಿ ಪೂರ್ತಿ ನುಂಗಿದೆ. ಮುಂದಿನ ಸಲ ಸಕ್ಕರೆ ಮೊದಲಿಗಿಂತ ಮೇಲೆ ಹೋಗಿತ್ತು. ಮುದ್ದೆ ಎಷ್ಟು ದೊಡ್ಡದು ಎಂದು ಡಾಕ್ಟರಮ್ಮ ಕೇಳಿದಾಗ ನಾನು ಎರಡೂ ಕೈ ಜೋಡಿಸಿ ಅಳತೆ ತೋರಿಸಿದೆ.

"ಅಯ್ಯೋ ಮಾರಾಯ್ತಿ, ಅದು ಹೊಲ ಉಳೋರ ಮುದ್ದೆ. ನಿಂಬೆಹಣ್ಣಿಗಿಂತ ಒಂದು ಚೂರು ದೊಡ್ಡದಿದ್ರೆ ಸಾಕು. ಮಿಕ್ಕಿದ್ದು ಸೊಪ್ಪು, ಕಾಳು, ಮೊಟ್ಟೆ," ಎಂದರು.

ನಿಂಬೆಹಣ್ಣಿನ ಗಾತ್ರದ ಮುದ್ದೆ ಕಟ್ಟುವುದು ತಮ್ಮ ಕೈಗೆ ಅವಮಾನ ಎಂಬಂತೆ ಅತ್ತೆ ಒಂದು ವಾರ ಮುಖ ಊದಿಸಿಕೊಂಡಿದ್ದರು. ಆಮೇಲೆ ಬಯಕೆ ಊಟದ ಕಾಟ. ಬಸುರಿಗೆ ನೆಂಟರು ಒಬ್ಬೊಬ್ಬರಾಗಿ ತಿಂಡಿ ತಂದು ತಿನ್ನಿಸಬೇಕು, ಅವಳು ಬೇಡ ಎನ್ನಬಾರದು. ಮಂಡಿಕಲ್ಲಿನ ಸೋದರತ್ತೆ ಎಳ್ಳು ಬೆಲ್ಲ ಕುಟ್ಟಿದ ಚಿಗಳಿ ತಂದರು, ಚಿಂತಾಮಣಿಯ ನಾದಿನಿ ಹೋಳಿಗೆ ಹೊತ್ತು ತಂದಳು. ನನಗೆ ಸಕ್ಕರೆ ಇದೆ ಎಂದು ಯಾರಿಗೂ ಹೇಳಬಾರದು ಎಂದು ಅತ್ತೆ ಕಟ್ಟಪ್ಪಣೆ ಮಾಡಿದ್ದರು. ಮುದುಕರಿಗೆ ಬರುವ ಕಾಯಿಲೆ ಸೊಸೆಗೆ ಬಂದಿದೆ ಎಂದರೆ ಊರವರು ಏನಂದಾರು ಎಂಬುದು ಅವರ ಭಯ. ಹೋಳಿಗೆಯನ್ನು ಎದುರಿಗೆ ತಿಂದಂತೆ ಮಾಡಿ ಸೆರಗಿಗೆ ಹಾಕಿಕೊಳ್ಳುವ ವಿದ್ಯೆ ನಾನು ಆಗ ಕಲಿತೆ. ಒಂದು ಸೀರೆಗೆ ತುಪ್ಪದ ಕಲೆ ಇವತ್ತಿಗೂ ಇದೆ.

ಏಳನೇ ತಿಂಗಳ ಕೊನೆಗೆ ಪಥ್ಯ, ನಡಿಗೆ ಎರಡೂ ಸಾಲದೆ ಇನ್ಸುಲಿನ್ ಶುರುವಾಯಿತು. ನಾನು ಸೂಜಿಯನ್ನು ಹೊಟ್ಟೆಗೆ ಚುಚ್ಚಿಕೊಳ್ಳುವುದನ್ನು ಮೊದಲ ಸಲ ನೋಡಿದಾಗ ಅತ್ತೆಯ ಕೈಯಲ್ಲಿದ್ದ ಮೊರ ಕೆಳಗೆ ಬಿತ್ತು. ಗಾಬರಿಯಾದಾಗಲೆಲ್ಲ ಅವರಿಗೆ ತೆಲುಗು ಬರುತ್ತದೆ.

"ಅಯ್ಯೋ ನಾ ತಲ್ಲೀ! ಕೂಸಿಗೆ ಚುಚ್ಚಲ್ವೇನೇ?"

ಸೂಜಿ ಚರ್ಮದ ಕೆಳಗಿನ ಕೊಬ್ಬಿನವರೆಗೆ ಮಾತ್ರ ಹೋಗುತ್ತದೆ, ಇನ್ಸುಲಿನ್ ಮಾಸನ್ನು ದಾಟಿ ಮಗುವಿನ ಹತ್ತಿರ ಹೋಗುವುದಿಲ್ಲ, ದಾಟುವುದು ಸಕ್ಕರೆ ಮಾತ್ರ ಎಂದು ಡಾಕ್ಟರಮ್ಮ ಹೇಳಿದ್ದನ್ನೇ ಒಪ್ಪಿಸಿದೆ. ಅತ್ತೆ ನಂಬಲಿಲ್ಲ, ಆದರೆ ತಡೆಯಲೂ ಇಲ್ಲ. ದಿನಾ ಬೆಳಿಗ್ಗೆ ನೆನೆಸಿದ ಮೆಂತ್ಯದ ನೀರಿನ ಲೋಟ ತಂದು ಸೂಜಿಯ ಪಕ್ಕದಲ್ಲಿ ಇಡುತ್ತಿದ್ದರು. ಎರಡೂ ನಡೆಯಿತು. ಮಾಸು ಬೆಳೆದಂತೆಲ್ಲ ಸಕ್ಕರೆ ಏರುತ್ತಿತ್ತು, ಇನ್ಸುಲಿನ್ನೂ ಏರುತ್ತಿತ್ತು. ಎಂಟನೇ ತಿಂಗಳ ಸ್ಕ್ಯಾನಿನಲ್ಲಿ ಮಗುವಿನ ಹೊಟ್ಟೆ ದಪ್ಪಗಿದೆ, ಸುತ್ತಲ ನೀರು ಜಾಸ್ತಿಯಿದೆ ಎಂದರು. ಡಾಕ್ಟರಮ್ಮ ಒಂದು ಮಾತನ್ನು ಬೆರಳೆತ್ತಿ ಹೇಳಿದರು.

"ಊಟ ಆದ್ಮೇಲೆ ಎಡಗಡೆ ತಿರುಗಿ ಮಲ್ಕೊಂಡು ಮಗು ಆಡೋದನ್ನ ಗಮನಿಸು. ಕಮ್ಮಿ ಅನ್ನಿಸಿದ ದಿನವೇ ಬರಬೇಕು. ಮಾರನೇ ದಿನ ಅಲ್ಲ. ತಿಳೀತಾ?"

ತಿಳಿಯಿತು ಎಂದು ತಲೆಯಾಡಿಸಿದೆ.

ಒಂಬತ್ತನೇ ತಿಂಗಳು ನಡೆಯುತ್ತಿದ್ದಾಗ ಮನೆಯಲ್ಲಿ ಹುಳುಗಳು ನಾಲ್ಕನೇ ಜ್ವರ ಎದ್ದಿದ್ದವು. ಹುಳು ಮೇವು ಬಿಟ್ಟು ನಿದ್ದೆ ಹೋಗಿ ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯದು ಕೊನೆಯದು, ಅದು ಕಳೆದ ಮೇಲೆ ಹುಳುಗಳಿಗೆ ಎಲ್ಲಿಲ್ಲದ ಹಸಿವು. ಎಷ್ಟು ಸೊಪ್ಪು ಹಾಕಿದರೂ ಸಾಲದು, ಹುಳುಮನೆಯಲ್ಲಿ ಹಗಲೂ ರಾತ್ರಿ ಚರಚರ ಸದ್ದು. ಆ ವಾರ ನಮ್ಮ ಮನೆಯಲ್ಲಿ ಮನುಷ್ಯರ ಊಟಕ್ಕೆ ಹೊತ್ತುಗೊತ್ತಿರುವುದಿಲ್ಲ. ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ನಾವು ಯಾರಾದರೂ ಆಸ್ಪತ್ರೆ, ಸಾವಿನ ಮನೆ ಎಂದು ಹೋಗಿಬಂದರೆ ತಲೆಗೆ ಸ್ನಾನ ಮಾಡದೆ ಹುಳುಮನೆಯ ಹೊಸಿಲು ಮುಟ್ಟುವಂತಿಲ್ಲ. ಹೋಗದೇ ಇದ್ದರೆ ಇನ್ನೂ ಒಳ್ಳೆಯದು.

ಆ ವಾರವೇ ನನ್ನ ಸಕ್ಕರೆ ಇಳಿಯತೊಡಗಿತು. ಮೊದಲ ದಿನ ಮನೆಯಲ್ಲಿ ಸಕ್ಕರೆ ನೋಡುವ ಮೆಷಿನ್ ಕೆಟ್ಟಿದೆ ಎಂದುಕೊಂಡೆ. ಇನ್ನೊಂದು ಬೆರಳು ಚುಚ್ಚಿ ನೋಡಿದರೂ ಅಷ್ಟೇ. ಮಾರನೇ ದಿನ ಎಂದಿನಷ್ಟೇ ಇನ್ಸುಲಿನ್ ತೆಗೆದುಕೊಂಡು ಸ್ವಲ್ಪ ಹೊತ್ತಿಗೆ ಮೈಯೆಲ್ಲ ಬೆವತು ಕೈ ನಡುಗಿತು. ಅತ್ತೆ ಓಡಿಬಂದು ಬಾಯಿಗೆ ಬೆಲ್ಲದ ಚೂರು ಹಾಕಿದರು. ತಿಂಗಳುಗಟ್ಟಲೆ ಬೆಲ್ಲ ಮುಟ್ಟದ ನನಗೆ ಆ ರುಚಿಗೆ ಕಣ್ಣಲ್ಲಿ ನೀರೇ ಬಂತು. ಆಮೇಲೆ ಇನ್ಸುಲಿನ್ ತುಂಬಾ ಕಡಿಮೆ ಮಾಡಿದೆ, ಆದರೂ ಸಕ್ಕರೆ ಏರಲಿಲ್ಲ.

ಸಂತೋಷವಾಯಿತು ಎಂದು ಹೇಳಲು ನನಗೆ ಸಂಕೋಚವಿಲ್ಲ. ಕುಣಿದಾಡುವಷ್ಟು ಸಂತೋಷವಾಯಿತು. ಮೂರು ತಿಂಗಳು ಬೆರಳು ಚುಚ್ಚಿಕೊಂಡವಳಿಗೆ ಸಕ್ಕರೆ ಇಳಿದರೆ ಅದು ಒಳ್ಳೆಯ ಸುದ್ದಿಯಲ್ಲದೆ ಮತ್ತೇನು? ಅತ್ತೆಯಂತೂ ಮೆಂತ್ಯದ ನೀರಿನ ಮಹಿಮೆಯನ್ನು ಬೀದಿಗೆಲ್ಲ ಹೇಳಿಬಂದರು. ಯಾರಿಗೂ ಹೇಳಬೇಡ ಎಂದು ಮುಚ್ಚಿಟ್ಟಿದ್ದ ಕಾಯಿಲೆ, ವಾಸಿಯಾಯಿತು ಎಂದ ಕೂಡಲೇ ಊರಿಗೆಲ್ಲ ಗೊತ್ತಾಯಿತು.

ಮಗು ಆಡುವುದು ಕಡಿಮೆಯಾಗಿದೆ ಎಂದು ನನಗೆ ಅನ್ನಿಸಿದ್ದು ಆ ಸಂತೋಷದ ನಡುವೆಯೇ. ನಿಂತಿರಲಿಲ್ಲ. ಊಟವಾದ ಮೇಲೆ ಎಡಕ್ಕೆ ತಿರುಗಿ ಮಲಗಿದರೆ ಒದೆಯುತ್ತಿದ್ದದ್ದು ಈಗ ಸುಮ್ಮನೆ ಹೊರಳಿದಂತಾಗುತ್ತಿತ್ತು, ಅದೂ ಒಂದೋ ಎರಡೋ ಸಲ. ಸೊಪ್ಪು ಹಾಕಿ ಬಂದು ಕೈ ತೊಳೆಯುತ್ತಿದ್ದ ಅತ್ತೆಗೆ ಹೇಳಿದೆ. ಅವರು ನನ್ನ ಹೊಟ್ಟೆಯ ಮೇಲೆ ಒದ್ದೆ ಕೈಯಿಟ್ಟು ನೋಡಿ ನಕ್ಕರು.

"ಹಣ್ಣಾಗಿದೆ ಕಣಮ್ಮ. ಹುಳ ಹಣ್ಣಾದಾಗ ಮೇವು ಬಿಡಲ್ವಾ? ಮೇಯಲ್ಲ, ಓಡಾಡಲ್ಲ, ತಲೆ ಎತ್ಕೊಂಡು ಸುಮ್ನೆ ಕೂತಿರ್ತದೆ. ಗೂಡು ಕಟ್ಟೋ ಹೊತ್ತು ಬಂತು ಅಂತ. ನಿನ್ನ ಕೂಸೂ ಹಂಗೇ. ಸಕ್ಕರೆ ಬೇಡ ಅಂತದೆ, ಆಟ ಬೇಡ ಅಂತದೆ. ಇನ್ನೇನು ಬರ್ತದೆ ಬಿಡು."

ರೇಷ್ಮೆಯ ಮನೆಯಲ್ಲಿ ಇದನ್ನು ಯಾರೂ ಅಲ್ಲಗಳೆಯುವುದಿಲ್ಲ. ಮೇವು ಬಿಟ್ಟ ಹುಳುವನ್ನು ನೋಡಿದರೆ ಇಡೀ ಮನೆಗೆ ಹಬ್ಬ. ಅದನ್ನು ಆರಿಸಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯ ಮೇಲೆ ಬಿಡುತ್ತಾರೆ. ಒಂದು ಜೀವ ತಿನ್ನುವುದನ್ನು, ಆಡುವುದನ್ನು ಬಿಟ್ಟು ಸುಮ್ಮನಾಯಿತೆಂದರೆ ಅದು ಮಾಗಿದ ಗುರುತು ಎಂದು ಅತ್ತೆ ನಲವತ್ತು ವರ್ಷ ನೋಡಿದ್ದರು. ಅದು ಅವರಿಗೆ ಒಮ್ಮೆಯೂ ಸುಳ್ಳಾಗಿರಲಿಲ್ಲ. ಗಂಡನೂ "ಅಮ್ಮ ಹೇಳೋದ್ರಲ್ಲಿ ಏನೋ ಇರುತ್ತೆ" ಎಂದು ಸೊಪ್ಪು ಕಡಿಯಲು ತೋಟಕ್ಕೆ ಹೋದರು. ಆ ದಿನ ಕಳೆಯಿತು.

ಮಾರನೇ ಬೆಳಿಗ್ಗೆ ಇನ್ಸುಲಿನ್ ಇಲ್ಲದೆಯೇ ಸಕ್ಕರೆ ಕೆಳಗಿತ್ತು. ಮಗು ಇನ್ನೂ ಮಂಕಾಗಿತ್ತು. ಆಸ್ಪತ್ರೆಗೆ ಹೋಗೋಣ ಎಂದೆ.

"ನಾಳಿದ್ದು ಚಂದ್ರಿಕೆಗೆ ಬಿಡ್ತೀವಿ ಕಣಮ್ಮ. ಅದೊಂದು ಆಗ್ಲಿ, ಎಲ್ಲರೂ ಹೋಗಣ. ಈಗ ಅವನು ಗಾಡಿ ತಗೊಂಡು ಹೋದ್ರೆ ಸೊಪ್ಪು ಯಾರು ತರ್ತಾರೆ? ಏಮೀ ಕಾದು, ಏನೂ ಆಗಲ್ಲ," ಎಂದರು ಅತ್ತೆ.

ಮಧ್ಯಾಹ್ನ ಊಟ ಮಾಡಿ ಮಲಗಿ ಕಾದೆ. ಏನೂ ಇಲ್ಲ. ಹೊಟ್ಟೆಯನ್ನು ಕೈಯಿಂದ ಅಲುಗಾಡಿಸಿದೆ. ಬಹಳ ಹೊತ್ತಿನ ಮೇಲೆ ಒಂದು ಕಡೆ ಮೆಲ್ಲಗೆ ಏನೋ ಸರಿಯಿತು. ಎದ್ದು ಬ್ಯಾಗಿಗೆ ಎರಡು ಸೀರೆ ತುರುಕಿಕೊಂಡು ಅಂಗಳಕ್ಕೆ ಬಂದೆ. ಗಂಡ ಆಗಷ್ಟೇ ಗೂಡ್ಸ್ ಗಾಡಿಯಿಂದ ಸೊಪ್ಪಿನ ಹೊರೆ ಇಳಿಸುತ್ತಿದ್ದರು. ಅತ್ತೆ ಹುಳುಮನೆಯ ಬಾಗಿಲಲ್ಲಿ ನಿಂತು "ಎಲ್ಲಿಗೆ?" ಎಂದರು.

"ಬಸ್ ಸ್ಟ್ಯಾಂಡಿಗೆ. ನೀವು ನಿಮ್ಮ ಹುಳ ನೋಡ್ಕೊಳ್ಳಿ, ನನ್ನ ಮಗೂನ ನಾನು ನೋಡ್ಕೊಳ್ತೀನಿ," ಎಂದೆ. ಬೀದಿಯವರೆಲ್ಲ ಕೇಳುವಂತೆ ಹೇಳಿದೆ. ಇನ್ನೂ ಏನೇನೋ ಹೇಳಿದೆ, ಅದೆಲ್ಲ ಇಲ್ಲಿ ಬೇಡ.

ಅತ್ತೆ ಬಾಯಿ ತೆರೆಯುವ ಮುಂಚೆ ಗಂಡ ಹೊರೆಯನ್ನು ಅಲ್ಲೇ ಬಿಟ್ಟು ಗಾಡಿಯ ಬಾಗಿಲು ತೆಗೆದರು. ಹಿಂದೆ ಅರ್ಧ ಲೋಡು ಹಿಪ್ಪುನೇರಳೆ ಸೊಪ್ಪು ಹಾಗೇ ಇತ್ತು. ಶಿಡ್ಲಘಟ್ಟ ದಾಟಿ ಚಿಕ್ಕಬಳ್ಳಾಪುರದವರೆಗೂ ಅವರು ಉಬ್ಬು ಬಂದಲ್ಲೆಲ್ಲ ಗಾಡಿಯನ್ನು ನಿಧಾನ ಮಾಡುತ್ತಿದ್ದರು. ನಾನು ಹೊಟ್ಟೆಯನ್ನು ತಬ್ಬಿಕೊಂಡು, ಆಡು ಕಂದಾ, ಒಂದು ಸಲ ಒದಿ ಎಂದು ಬೇಡಿಕೊಳ್ಳುತ್ತಾ ಕೂತಿದ್ದೆ. ಅಷ್ಟು ಹೆದರಿಕೆ ನನ್ನ ಜೀವಮಾನದಲ್ಲಿ ಆಗಿರಲಿಲ್ಲ.

ಡಾಕ್ಟರಮ್ಮ ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ, ಅದು ನನ್ನನ್ನು ಇನ್ನೂ ಹೆದರಿಸಿತು. ಹೊಟ್ಟೆಗೆ ಬೆಲ್ಟು ಕಟ್ಟಿ ಮಗುವಿನ ಎದೆಬಡಿತ ಕೇಳಿಸಿದರು. ಬಡಿತವಿತ್ತು. ಆದರೆ ಏರಿಳಿತವಿಲ್ಲದೆ ಒಂದೇ ಸಮನೆ ಹೋಗುತ್ತಿತ್ತು, ನಡುವೆ ಒಮ್ಮೊಮ್ಮೆ ನಿಧಾನವಾಗುತ್ತಿತ್ತು. ಸ್ಕ್ಯಾನಿನಲ್ಲಿ ಹೊಕ್ಕುಳ ಬಳ್ಳಿಯ ರಕ್ತದ ಓಟ ನೋಡಿದರು. ಸಕ್ಕರೆ ತಾನಾಗಿ ಇಳಿಯಿತು ಎಂದು ನಾನು ಹೇಳಿದಾಗ ಅವರು ಸ್ಕ್ಯಾನಿನಿಂದ ಕಣ್ಣು ತೆಗೆದು ನನ್ನ ಕಡೆ ತಿರುಗಿದರು.

"ಎಷ್ಟು ದಿನದಿಂದ?"

ಹೇಳಿದೆ.

"ಸಕ್ಕರೆ ಏರಿಸ್ತಿದ್ದದ್ದು ಮಾಸು ಅಂತ ಹೇಳಿದ್ನಲ್ಲ? ಈ ತಿಂಗಳಲ್ಲಿ ಇದ್ದಕ್ಕಿದ್ದ ಹಾಗೆ ಇಷ್ಟು ಇಳೀತು ಅಂದ್ರೆ, ಅದಕ್ಕೆ ಶಕ್ತಿ ಕಮ್ಮಿ ಆಗ್ತಿದೆ ಅಂತಾನೂ ಇರಬಹುದು. ಎಲ್ಲರಿಗೂ ಹಾಗಲ್ಲ, ಕೆಲವರಿಗೆ ಸುಮ್ನೆ ಇಳಿಯುತ್ತೆ. ಆದ್ರೆ ಮಗೂನೂ ಮಂಕಾಗಿದೆ ಅಂದ್ಮೇಲೆ ಕಾಯೋದು ಬೇಡ. ಈಗಲೇ ಆಪರೇಷನ್ ಮಾಡಿ ತೆಗೀತೀನಿ."

ಅಷ್ಟು ದಿನ ಬೈದುಕೊಂಡ ಅಂಗ ನಿಂತುಹೋಗುತ್ತಿದೆ ಎಂದಾಗ ಮೊದಲ ಸಲ ಅದರ ಪರವಾಗಿ ದೇವರನ್ನು ಕೇಳಿಕೊಂಡೆ. ಇನ್ನೊಂದು ಗಂಟೆ ತಡಿ ಎಂದು ಅದಕ್ಕೇ ಕೈ ಮುಗಿದೆ.

ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಿದ್ದರು, ಎಚ್ಚರವಿತ್ತು. ಹಸಿರು ಬಟ್ಟೆಯ ಆಚೆ ಏನಾಗುತ್ತಿದೆ ಎಂದು ಕಾಣುತ್ತಿರಲಿಲ್ಲ. ಯಾರೋ "ಹೆಣ್ಣು" ಎಂದರು. ಅಳು ಕೇಳಲಿಲ್ಲ. ನಾನು ಕೂಗಿದೆನೋ ಇಲ್ಲವೋ ನೆನಪಿಲ್ಲ. ಆಮೇಲೆ ಬೆಕ್ಕಿನ ಮರಿಯ ದನಿಯಂಥ ಒಂದು ದನಿ ಬಂತು, ನಿಂತಿತು, ಮತ್ತೆ ಬಂತು. ಅದನ್ನು ಕೇಳಿ ನಾನು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.

ಸ್ವಲ್ಪ ಹೊತ್ತಿನ ಮೇಲೆ ಡಾಕ್ಟರಮ್ಮ ಒಂದು ಸ್ಟೀಲ್ ತಟ್ಟೆಯನ್ನು ನನ್ನ ತಲೆಯ ಹತ್ತಿರ ತಂದರು.

"ನೋಡ್ತೀಯಾ ನಿನ್ನ ಶತ್ರೂನ?"

ನೋಡಿದೆ. ರೊಟ್ಟಿಯಂತೆ ದುಂಡಗೆ ಇರುತ್ತದೆ ಎಂದು ಕೇಳಿದ್ದೆ, ಇದು ನೀರು ಕುಡಿದ ಸ್ಪಂಜಿನ ಹಾಗೆ ದಪ್ಪಗೆ ಊದಿತ್ತು. ಕೆಂಪು ಇರಬೇಕಾದ ಕಡೆ ಕೆಲವು ತಾಣಗಳು ಬಿಳಿಚಿಕೊಂಡು ಗಟ್ಟಿಯಾಗಿದ್ದವು. ಅಲ್ಲಿ ರಕ್ತದ ಓಟ ನಿಂತು ಆ ಭಾಗ ಸತ್ತಿದೆ, ಉಳಿದದ್ದು ಮಗುವನ್ನು ಇಲ್ಲಿಯವರೆಗೆ ತಂದಿದೆ ಎಂದರು. ಸಕ್ಕರೆಯನ್ನು ಏರಿಸಿದ್ದೂ ಅದೇ, ಏರಿದ ಸಕ್ಕರೆಯಿಂದ ಹಾಳಾದದ್ದೂ ಅದೇ. ಬೈಯಲು ನನ್ನಲ್ಲಿ ಏನೂ ಉಳಿದಿರಲಿಲ್ಲ.

ಮಗುವನ್ನು ನನ್ನ ಪಕ್ಕಕ್ಕೆ ಕೊಡಲಿಲ್ಲ, ಗಾಜಿನ ಪೆಟ್ಟಿಗೆಗೆ ಹಾಕಿದರು. ಹೊಟ್ಟೆಯೊಳಗೆ ಬಂದ ಸಕ್ಕರೆಗೆ ಸರಿಯಾಗಿ ಅವಳ ಮೈ ತಾನೇ ಇನ್ಸುಲಿನ್ ಮಾಡಿಕೊಳ್ಳುವುದನ್ನು ಕಲಿತಿತ್ತಂತೆ. ಬಳ್ಳಿ ಕತ್ತರಿಸಿದ ಕೂಡಲೇ ಸಕ್ಕರೆ ಬರುವುದು ನಿಂತಿತು, ಇನ್ಸುಲಿನ್ ಮಾತ್ರ ಅದೇ ರಭಸದಲ್ಲಿ ಉತ್ಪತ್ತಿಯಾಗುತ್ತಿತ್ತು. ಹಾಗಾಗಿ ಅವಳ ಸಕ್ಕರೆ ಕುಸಿಯುತ್ತಿತ್ತು. ಪುಟ್ಟ ಹಿಮ್ಮಡಿ ಚುಚ್ಚಿ ನೋಡುವುದು, ಡ್ರಿಪ್ ಹಾಕುವುದು, ನಾನು ಹಿಂಡಿಕೊಟ್ಟ ಹಾಲನ್ನು ಚಮಚದಲ್ಲಿ ಕುಡಿಸುವುದು ನಡೆಯಿತು. ನನ್ನ ಸಕ್ಕರೆಯೋ ಮಾರನೇ ದಿನವೇ ಯಾವ ಔಷಧಿಯೂ ಇಲ್ಲದೆ ಸರಿಯಾಗಿತ್ತು.

ಅತ್ತೆ ಮಾರನೇ ದಿನ ಬಂದರು. ಕೈಬೆರಳುಗಳ ಸಂದಿಯಲ್ಲಿ ಸೊಪ್ಪಿನ ಹಸಿರು ಹಾಗೇ ಇತ್ತು. ಮೊದಲು ಗಾಜಿನ ಆಚೆಯಿಂದ ಮಗುವನ್ನು ನೋಡಿಬಂದು, ಆಮೇಲೆ ನರ್ಸನ್ನು "ಮಾಸು ಎಲ್ಲಿ?" ಎಂದು ಕೇಳಿದರು. ನಮ್ಮಲ್ಲಿ ಅದನ್ನು ಹೊಸ ಮಡಕೆಯಲ್ಲಿಟ್ಟು, ಅರಿಶಿನ ಕುಂಕುಮ ಹಾಕಿ, ಹಿತ್ತಿಲಲ್ಲಿ ಹೂತು ನಾಯಿ ಕೆದರದಂತೆ ಕಲ್ಲು ಹೇರುತ್ತಾರೆ. ಮಡಕೆಯನ್ನೂ ತಂದಿದ್ದರು. ಕೊಡುವ ಹಾಗಿಲ್ಲ, ಪರೀಕ್ಷೆಗೆ ಲ್ಯಾಬಿಗೆ ಹೋಗಬೇಕು ಎಂದು ನರ್ಸ್ ಹೇಳಿದಾಗ ಅತ್ತೆಗೆ ಸಿಟ್ಟು ಬಂತು.

"ಹೆತ್ತ ಮನೆ ವಸ್ತು ಅದು. ಅದನ್ನ ಕುಯ್ದು ನೋಡೋಕೆ ನೀವ್ಯಾರು?"

ಗಲಾಟೆ ಕೇಳಿ ಡಾಕ್ಟರಮ್ಮ ಬಂದರು. ಜೋರು ಮಾಡದೆ, ಅತ್ತೆಯನ್ನು ನನ್ನ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂರಿಸಿ ವಿವರಿಸಿದರು. ಮಾಸಿನ ಭಾಗ ಭಾಗವೇ ಸತ್ತಿದ್ದು, ಮಗುವಿಗೆ ಉಸಿರು ಕಡಿಮೆಯಾಗಿದ್ದು, ಮುಂದಿನ ಬಸಿರಿಗೆ ಎಚ್ಚರವಾಗಿರಲು ಏನಾಯಿತೆಂದು ತಿಳಿಯಬೇಕಾದದ್ದು, ಎಲ್ಲವನ್ನೂ ಹೇಳಿದರು. ಅತ್ತೆ ಖಾಲಿ ಮಡಕೆಯನ್ನು ಮಡಿಲಲ್ಲಿಟ್ಟುಕೊಂಡು ಕೇಳಿದರು.

"ಅದಕ್ಕೇನಾ ಕೂಸು ಆಡೋದು ಬಿಟ್ಟಿದ್ದು?"

"ಹೂಂನಮ್ಮ. ಶಕ್ತಿ ಉಳಿಸ್ಕೊಳ್ತಿತ್ತು. ಆಡೋಕೆ ಆಗ್ತಿರ್ಲಿಲ್ಲ ಅದಕ್ಕೆ."

ಅತ್ತೆ ಖಾಲಿ ಮಡಕೆಯನ್ನು ಎತ್ತಿಕೊಂಡು ಎದ್ದರು. ನನ್ನ ಕಡೆಗೂ ನೋಡಲಿಲ್ಲ. ಸಂಜೆಯ ಬಸ್ಸಿಗೆ ಊರಿಗೆ ಹೋದರು. ಅವರು ಒಂದು ಮಾತು ಹೇಳಲಿ, ತಪ್ಪಾಯಿತು ಎನ್ನದಿದ್ದರೂ ಹೋಗಲಿ, ಅಯ್ಯೋ ಎಂದಾದರೂ ಅನ್ನಲಿ ಎಂದು ನಾನು ಕಾದೆ. ಅನ್ನಲಿಲ್ಲ. ನನ್ನ ಸಿಟ್ಟು ಹೊಲಿಗೆಯ ನೋವಿಗಿಂತ ಹೆಚ್ಚಾಯಿತು.

ಮಗು ಚೇತರಿಸಿಕೊಂಡು ಮನೆಗೆ ಬಂದ ಮೇಲೂ ಆ ಸಿಟ್ಟು ಹೋಗಲಿಲ್ಲ. ಅತ್ತೆ ಬಾಣಂತನವನ್ನು ಅಚ್ಚುಕಟ್ಟಾಗಿ ಮಾಡಿದರು. ನೀರು ಕಾಯಿಸಿದರು, ಸಾರು ಮಾಡಿದರು, ಮುದ್ದೆಯನ್ನು ಯಾರೂ ಕೇಳದಿದ್ದರೂ ಚಿಕ್ಕದಾಗಿಯೇ ಕಟ್ಟಿದರು. ಮೆಂತ್ಯದ ನೀರಿನ ಸುದ್ದಿಯನ್ನು ಮತ್ತೆ ಎತ್ತಲಿಲ್ಲ. ನಾನು ಮಾತ್ರ ಮಗುವನ್ನು ಅವರ ಕೈಗೆ ಕೊಡದಿರುವುದಕ್ಕೆ ಏನಾದರೊಂದು ನೆಪ ಹೇಳುತ್ತಿದ್ದೆ. ಈಗ ತಾನೇ ಮಲಗಿದ್ದಾಳೆ, ಈಗ ಹಾಲು ಕುಡಿಸಬೇಕು, ನಿಮ್ಮ ಕೈಯಲ್ಲಿ ಸೊಪ್ಪಿನ ವಾಸನೆ. ಅವರು ಚಾಚಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೋಗುತ್ತಿದ್ದರು. ಒಂದು ದಿನವೂ ಜಗಳಕ್ಕೆ ಬರಲಿಲ್ಲ. ಬಂದಿದ್ದರೆ ನನಗೆ ಹಗುರವಾಗುತ್ತಿತ್ತು.

ಲಸಿಕೆ ಹಾಕಿಸಲು ಊರಿನ ಆರೋಗ್ಯ ಕೇಂದ್ರಕ್ಕೆ ಹೋಗಿದ್ದ ದಿನ ಅತ್ತೆಯೂ ಜೊತೆಗೆ ಬಂದಿದ್ದರು. ಹೊರಗೆ ಬೆಂಚಿನ ಮೇಲೆ ತಾಯಂದಿರು, ಅಜ್ಜಿಯರು ಸಾಲಾಗಿ ಕೂತಿದ್ದರು. ನಮ್ಮ ಎದುರಿನ ಬೆಂಚಿನಲ್ಲಿ ತುಂಬು ಬಸುರಿಯೊಬ್ಬಳು ತನ್ನ ಅಮ್ಮನ ಜೊತೆ ಕೂತಿದ್ದಳು. ಅವಳಿಗೂ ಸಕ್ಕರೆಯಂತೆ. ಆ ಅಮ್ಮ ಪಕ್ಕದವಳಿಗೆ ಖುಷಿಯಿಂದ ಹೇಳುತ್ತಿದ್ದಳು.

"ಈಗ ತಾನಾಗೇ ಇಳ್ದೋಗಿದೆ. ಸೂಜೀನೂ ಬಿಟ್ಬಿಟ್ಟವ್ಳೆ. ಕೂಸೂ ಒದೆಯೋದು ಬಿಟ್ಟು ಸುಮ್ನಾಗದೆ, ಹೆರಿಗೆ ಹತ್ರ ಬಂತಲ್ಲ."

ನಾನು ಏನೋ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಎದ್ದು ಹೋಗಿ ಆ ಬಸುರಿಯ ಎರಡೂ ಕೈ ಹಿಡಿದುಕೊಂಡಿದ್ದರು.

"ಇವತ್ತೇ ಹೋಗಮ್ಮ. ಇಲ್ಲಿಂದ ಹಿಂಗೇ ಆಸ್ಪತ್ರೆಗೆ ಹೋಗು, ಮನೆಗೂ ಹೋಗ್ಬೇಡ. ಯಾರು ಏನೇ ಹೇಳಿದ್ರೂ ಕೇಳ್ಬೇಡ. ನಾನು ನನ್ನ ಸೊಸೇನ ಮನೇಲಿ ಕೂರಿಸಿಬಿಟ್ಟಿದ್ದೆ ಕಣಮ್ಮ. ಅವಳು ನನ್ನ ಮಾತು ಕೇಳಿದ್ದಿದ್ರೆ ಆ ಕೂಸು ಇವತ್ತು ಇರ್ತಿರ್ಲಿಲ್ಲ."

ಬೆಂಚಿನ ಮೇಲೆ ಕೂತವರೆಲ್ಲ ನಮ್ಮ ಕಡೆ ತಿರುಗಿ ನೋಡಿದರು. ಅವರಲ್ಲಿ ಅರ್ಧ ಜನ ನಮ್ಮ ಬೀದಿಯವರೇ. ಅತ್ತೆ ಆ ತಾಯಿ ಮಗಳನ್ನು ಎಬ್ಬಿಸಿ, ರಸ್ತೆಯವರೆಗೂ ಕೈ ಹಿಡಿದುಕೊಂಡು ಹೋಗಿ, ಆಟೋ ನಿಲ್ಲಿಸಿ ಹತ್ತಿಸಿದರು. ಆಟೋ ತಿರುವು ದಾಟುವವರೆಗೂ ಅಲ್ಲೇ ನಿಂತಿದ್ದರು. ಆಮೇಲೆ ನಿಧಾನವಾಗಿ ನಡೆದು ಬಂದು ನನ್ನ ಪಕ್ಕದಲ್ಲಿ ಕೂತು, ಮುಖ ಒರೆಸಿಕೊಂಡು, ನೆಲ ನೋಡುತ್ತಾ ಕೂತರು. ಈ ಸಲ ಕೈ ಚಾಚಲಿಲ್ಲ.

ನಾನು ಮಗುವನ್ನು ಎತ್ತಿ ಅವರ ಮಡಿಲಿಗೆ ಹಾಕಿದೆ.